ಮಣಿಕೋಟೆಯ ಪತನ ಮತ್ತು ಹಾಲಿನ ಸಂಘದ ವರದಿ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಅವಸರ ಮಾಡುವುದಿಲ್ಲ.

ನಾನು ಮೂವತ್ತೊಂದು ವರ್ಷ ಗೊರೂರಿನಲ್ಲಿ ನಾಲೆಗಳ ನಕ್ಷೆ ಬರೆದವನು. ಗೆರೆ ಕೂದಲೆಳೆಯಷ್ಟು ಆಚೆ ಹೋದರೆ ನೀರು ಯಾರದೋ ಅಡುಗೆಮನೆಗೆ ನುಗ್ಗುತ್ತದೆ ಎಂಬ ಭಯದಲ್ಲೇ ಸವೆದ ಜೀವ ಇದು. ಹಾಗಾಗಿ ಬೇರೆಯವರಿಂದ ತಪ್ಪಾಗಬಹುದು, ನನ್ನಿಂದ ಆಗುವುದು ಸಾಧ್ಯವಿಲ್ಲ ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ನಿವೃತ್ತನಾದ ಮೇಲೆ ಶಾಂತಿಗ್ರಾಮದಿಂದ ಎರಡು ಮೈಲಿ ಒಳಗಿರುವ ನಮ್ಮ ಹಳ್ಳಿಗೆ ಬಂದು, ನಾಲ್ಕು ವರ್ಷ ಕೂತು ಒಂದು ಕಾದಂಬರಿ ಬರೆದೆ. ಹೆಸರು ‘ಮಣಿಕೋಟೆಯ ಕೊನೆಯ ದೀವಟಿಗೆ’. ಮಣಿಕೋಟೆ ಒಂದು ರಾಜಧಾನಿ. ಹೊಳೆ ದಿಕ್ಕು ಬದಲಿಸಿದ್ದರಿಂದ ವ್ಯಾಪಾರ ನಿಂತಿದೆ, ಕೋಟೆಗೋಡೆ ಉದುರುತ್ತಿದೆ, ರಾಜನಿಗೆ ಕಿವಿ ಕೇಳಿಸದು. ಅಷ್ಟಾದರೂ ಅಳಿದುಳಿದ ಊರಿಗಾಗಿ ಮೂವರು ಮಂತ್ರಿಗಳು ಒಬ್ಬರನ್ನೊಬ್ಬರು ಮುಗಿಸಲು ಹೊಂಚು ಹಾಕುತ್ತಿದ್ದಾರೆ. ಸಂಚಿನೊಳಗೊಂದು ಸಂಚು, ಅದರೊಳಗೆ ಮತ್ತೊಂದು. ಯಾರು ಯಾರಿಗೆ ಮೋಸ ಮಾಡುತ್ತಿದ್ದಾರೆಂದು ನನಗೇ ಮರೆತುಹೋಗದಿರಲಿ ಎಂದು ಗ್ರಾಫ್ ಹಾಳೆಯ ಮೇಲೆ ನಕ್ಷೆ ಹಾಕಿಕೊಂಡಿದ್ದೆ.

ನನ್ನ ಹೆಂಡತಿ ಜಯಮ್ಮ ಅದರ ಒಂದು ಸಾಲನ್ನೂ ಓದಿರಲಿಲ್ಲ. ಅವಳು ಊರಿನ ಹಾಲಿನ ಸಂಘದ ಕಾರ್ಯದರ್ಶಿ. ಬೆಳಿಗ್ಗೆ ಸಂಜೆ ಹಾಲು ಅಳೆಸಿಕೊಳ್ಳಬೇಕು, ನಡುವೆ ಕಾಯಿಲೆ ಬಿದ್ದ ಹಸುವಿಗೆ ಡಾಕ್ಟರನ್ನು ಕರೆಸಬೇಕು. ಒಂದು ಅಧ್ಯಾಯವಾದರೂ ಕೇಳು ಎಂದು ನಾನು ಹಿಂದೆ ಬಿದ್ದಾಗಲೆಲ್ಲ ಅವಳದು ಒಂದೇ ಉತ್ತರ: “ನಿಮ್ಮ ಮಂತ್ರಿಗಳು ಕಾಯ್ತಾರೆ ಕಣ್ರೀ, ಎಮ್ಮೆ ಕಾಯಲ್ಲ.”

ಅವಳಿಗೂ ಆ ವರ್ಷ ಒಂದು ಸಂಕಟ ಇತ್ತು. ಸಂಘದ ವಾರ್ಷಿಕ ಸಭೆಯಲ್ಲಿ ಕಾರ್ಯದರ್ಶಿಯ ವರದಿಯನ್ನು ಯಾರೂ ಓದುವ ಪದ್ಧತಿ ಇಲ್ಲ. ಅಚ್ಚಾದ ಪುಸ್ತಕವನ್ನು ಎಲ್ಲರ ಕೈಗೂ ಕೊಡುತ್ತಾರೆ. “ಓದಿದ್ದಾಗಿದೆ ಎಂದು ಭಾವಿಸೋಣವೇ?” ಎಂದು ಅಧ್ಯಕ್ಷರು ಕೇಳುತ್ತಾರೆ. ಎಲ್ಲರೂ ಭಾವಿಸಿ, ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಊಟಕ್ಕೆ ಏಳುತ್ತಾರೆ. ಆದರೆ ಈ ಸಲ ನಂಜೇಗೌಡ ಎಂಬ ನಿರ್ದೇಶಕ, ವರದಿಯನ್ನು ಮೊದಲಿಂದ ಕೊನೆವರೆಗೆ ಓದಿಸುತ್ತೇನೆ, ಒಂದು ತಪ್ಪು ಸಿಕ್ಕರೂ ಜಯಮ್ಮನನ್ನು ಇಳಿಸಿ ತನ್ನ ಸೊಸೆಯನ್ನು ಆ ಕುರ್ಚಿಯಲ್ಲಿ ಕೂರಿಸುತ್ತೇನೆ ಎಂದು ಟೀ ಅಂಗಡಿಯಲ್ಲಿ ಸಾರಿದ್ದ. ಅವನ ಕ್ಯಾನಿನ ಹಾಲಲ್ಲಿ ನೀರು ಇದೆಯೆಂದು ಜಯಮ್ಮ ಮೂರು ಸಲ ವಾಪಸ್ ಕಳಿಸಿದ್ದಳು. ಸಿಟ್ಟಿನ ಬುಡ ಅಲ್ಲಿತ್ತು.

ಜಯಮ್ಮ ಎರಡು ತಿಂಗಳು ಕೂತು ವರದಿ ಬರೆದಳು. ಒಂದೊಂದು ಸಾಲನ್ನೂ ಮೂರು ಸಲ ನೋಡಿದಳು. ಹನ್ನೊಂದು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಅದು. ಅದು ಹೋದರೆ ಅವಳಿಗೆ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಆಗ ನಾನು ಬಾಯಿ ಬಿಟ್ಟೆ.

“ಅಚ್ಚಿನ ಕೆಲಸ ನನಗೆ ಬಿಡು,” ಎಂದೆ. “ನಿನ್ನದೂ ನನ್ನದೂ ಒಟ್ಟಿಗೇ ಮಾಡಿಸಿಬಿಡುತ್ತೇನೆ.”

ಕಾದಂಬರಿಯ ಬಿಡುಗಡೆ ಹಾಸನದಲ್ಲಿ ಬೆಳಿಗ್ಗೆ ಹತ್ತಕ್ಕೆ, ಸಂಘದ ಸಭೆ ನಮ್ಮೂರಲ್ಲಿ ಅದೇ ದಿನ ಹನ್ನೊಂದೂವರೆಗೆ. ಎರಡು ಪುಸ್ತಕಕ್ಕೂ ಒಂದೇ ಅಳತೆ, ಒಂದೇ ಕಾಗದ ಎಂದು ತೀರ್ಮಾನಿಸಿದೆ. ಸದಸ್ಯರ ಪಟ್ಟಿ ಸೇರಿ ವರದಿ ನೂರ ಹನ್ನೆರಡು ಪುಟ, ಕಾದಂಬರಿ ನೂರ ಹದಿನಾರು. ಒಳಪುಟಗಳು ಹಾಸನದಲ್ಲಿ ಅಚ್ಚಾದವು. ಹೊದಿಕೆ ಹಾಕಿ ಕಟ್ಟುವವರು ಹೊಳೆನರಸೀಪುರದ ಷಫಿ ಸಾಹೇಬರು. ಎರಡು ರಾಶಿಯನ್ನೂ ನಾನೇ ಅವರಲ್ಲಿಗೆ ಒಯ್ದು ಅಕ್ಕಪಕ್ಕ ಇಡಿಸಿದೆ. ಗೊಂದಲವಾಗಬಾರದೆಂದು ಕೆಂಪು ಪೆನ್ಸಿಲ್ಲಿನಲ್ಲಿ ಒಂದರ ಮೇಲೆ ‘೧’ ಎಂದೂ ಇನ್ನೊಂದರ ಮೇಲೆ ‘೨’ ಎಂದೂ ಬರೆದೆ. ಒಂದು ಎಂದರೆ ಜಯಮ್ಮನ ವರದಿ, ಎರಡು ಎಂದರೆ ನನ್ನ ಕಾದಂಬರಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳನ್ನು ಒಂದು ಸಲವಾದರೂ ಮೊದಲು ಇಡೋಣ ಎನಿಸಿತ್ತು. ಯಾವುದು ಯಾವುದೆಂಬ ವಿವರವನ್ನು ಒಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದೆ. ಕಳೆದುಹೋಗಬಾರದೆಂದು ಆ ಚೀಟಿಯನ್ನು ನನ್ನ ಜೇಬಿನಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಪುಸ್ತಕಗಳು ಸಭೆಯ ಹಿಂದಿನ ಮಧ್ಯಾಹ್ನ ಮನೆಗೆ ಬಂದವು. ನನ್ನ ಕಾದಂಬರಿಯ ಮುಖಪುಟ ನೋಡಿದೆ. ಬೆನ್ನು ನೋಡಿದೆ. ಹಿಂಬದಿಯಲ್ಲಿದ್ದ ನನ್ನ ಭಾವಚಿತ್ರವನ್ನು ಕೊಂಚ ಹೆಚ್ಚು ಹೊತ್ತು ನೋಡಿದೆ. ಒಳಗೆ ತೆರೆದು ನೋಡಲಿಲ್ಲ. ಒಳಗೆ ಏನಿದೆ ಎಂದು ನನಗೆ ಗೊತ್ತಿತ್ತಲ್ಲ! ಜಯಮ್ಮನೂ ತನ್ನದನ್ನು ತೆರೆಯಲಿಲ್ಲ. ಕಾರಣ ಅದೇ.

ಮರುದಿನ ಹಾಸನದ ಸಭಾಂಗಣದಲ್ಲಿ ಅರವತ್ತೆಂಟು ಜನ ಇದ್ದರು. ಎರಡು ಸಲ ಎಣಿಸಿದ್ದೇನೆ. ಅತಿಥಿಗಳು ಅರಕಲಗೂಡಿನ ನಿವೃತ್ತ ಕನ್ನಡ ಅಧ್ಯಾಪಕರು. ಚಿನ್ನದ ಬಣ್ಣದ ಕಾಗದ ಹರಿದು ಪುಸ್ತಕ ಹೊರತೆಗೆದರು. ವೇದಿಕೆಯ ಮೇಲಿದ್ದ ಐವರೂ ಒಂದೊಂದು ಪ್ರತಿಯನ್ನು ಎದೆಯ ಮುಂದೆ ಹಿಡಿದು, ಮುಖಪುಟ ಕ್ಯಾಮೆರಾಕ್ಕೆ ಕಾಣುವಂತೆ ನಿಂತು ನಕ್ಕೆವು. ಬಿಡುಗಡೆ ಎಂದರೆ ಇಷ್ಟೇ. ಪುಸ್ತಕ ತೆರೆಯುವುದು ಕಾರ್ಯಕ್ರಮ ಪಟ್ಟಿಯಲ್ಲಿ ಇರುವುದಿಲ್ಲ. ಆಮೇಲೆ ಅತಿಥಿಗಳು ನಲವತ್ತು ನಿಮಿಷ ಮಾತಾಡಿದರು. ಬೆನ್ನುಡಿಯಲ್ಲಿ ನಾನೇ ಬರೆದಿದ್ದ ಹನ್ನೆರಡು ಸಾಲು ಅವರ ಬಾಯಲ್ಲಿ ಅಷ್ಟು ಉದ್ದ ಬಂದದ್ದು ಕಂಡು ನನಗೆ ಹೆಮ್ಮೆಯಾಯಿತು.

ಕೊನೆಗೆ ಲೇಖಕರು ಒಂದು ಭಾಗ ಓದಬೇಕೆಂದರು. ನಾನು ಮೈಕಿನ ಮುಂದೆ ನಿಂತೆ. ಮೂವತ್ತೇಳನೇ ಪುಟ ಓದುತ್ತೇನೆಂದೂ, ಇದು ನಾನು ಕಣ್ಣೀರಿಟ್ಟು ಬರೆದ ಪುಟವೆಂದೂ, ಮಣಿಕೋಟೆ ಸಾಯುತ್ತದೆ ಎಂಬುದು ಓದುಗನಿಗೆ ಖಚಿತವಾಗುವುದು ಇಲ್ಲಿಯೇ ಎಂದೂ ಹೇಳಿದೆ. ಪುಟ ತೆರೆದೆ.

‘ಈ ಸಾಲಿನಲ್ಲಿ ಮೃತಪಟ್ಟ ರಾಸುಗಳ ವಿವರ’ ಎಂದಿತ್ತು.

ಪುಟದ ಸಂಖ್ಯೆ ನೋಡಿದೆ, ಮೂವತ್ತೇಳೇ. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಮೂವತ್ತೊಂದು ವರ್ಷ ಕಚೇರಿಯಲ್ಲಿ ದುಡಿದ ಮನುಷ್ಯ. ಕೈಯಲ್ಲಿ ಕಾಗದ ಇದ್ದರೆ ಬಾಯಿ ತಾನಾಗಿ ಓದುತ್ತದೆ. ನನ್ನ ದನಿ ನನಗೇ ಕೇಳಿಸಿತು.

“ಕಾಳಮ್ಮನ ಗೌರಿ. ಕಪ್ಪು, ಹಣೆಯಲ್ಲಿ ಬಿಳಿ ಚುಕ್ಕೆ. ಒಂಬತ್ತು ಕರು ಹಾಕಿತ್ತು. ಜ್ವರ ಬಂದು ನಾಲ್ಕನೇ ದಿನ ತೀರಿತು. ಕೆಂಪಣ್ಣನ ಲಕ್ಷ್ಮಿ. ಬಿಳಿ. ಎಡಗೊಂಬು ಮುರಿದಿತ್ತು. ನಾಲೆಗೆ ಬಿದ್ದು. ಪುಟ್ಟಯ್ಯನ ಮನೆಯ ಕರು. ಹೆಸರಿಟ್ಟಿರಲಿಲ್ಲ. ಹುಟ್ಟಿದ ಮೂರನೇ ದಿನ.”

ಪುಟ ಮುಗಿಯಿತು. ಮುಂದಿನ ಸಾಲಿನಲ್ಲಿ ಒಬ್ಬರು ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಚಪ್ಪಾಳೆ ಶುರುವಾಯಿತು. ನನ್ನ ಜೀವನದಲ್ಲಿ ನನಗೆ ಬಿದ್ದ ಮೊದಲ ದೊಡ್ಡ ಚಪ್ಪಾಳೆ ಅದು. ಅದನ್ನು ನಿಂತು ಅನುಭವಿಸಲೂ ಆಗಲಿಲ್ಲ. ಏಕೆಂದರೆ ಜಯಮ್ಮನ ವರದಿ ನನ್ನ ಕೈಯಲ್ಲಿದ್ದರೆ, ಜಯಮ್ಮನ ಕೈಯಲ್ಲಿ ಏನಿರಬೇಕು ಎಂಬುದು ಆಗ ಹೊಳೆಯಿತು!

ಗಂಟೆ ಹನ್ನೊಂದು ಹತ್ತು. ಪುಸ್ತಕವನ್ನು ಎದೆಗೊತ್ತಿಕೊಂಡು ವೇದಿಕೆ ಇಳಿದು ಓಡಿದೆ. ಲೇಖಕರು ಭಾವುಕರಾಗಿದ್ದಾರೆ, ದಾರಿ ಬಿಡಿ ಎಂದು ನಿರೂಪಕರು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಇನ್ನೂ ಜೋರಾಯಿತು.

ಚನ್ನರಾಯಪಟ್ಟಣದ ಬಸ್ಸು ಸಿಕ್ಕಿತು. ಜಯಮ್ಮನಿಗೆ ಏಳು ಸಲ ಫೋನ್ ಮಾಡಿದೆ. ಸಭೆಯ ದಿನ ಅವಳು ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಪಕ್ಕದಲ್ಲಿದ್ದವರು ಆಸ್ಪತ್ರೆಗೆ ಹೋಗುತ್ತಿದ್ದೀರಾ ಎಂದು ವಿಚಾರಿಸಿದರು. ಇಲ್ಲ, ಕಾದಂಬರಿ ಬಿಡುಗಡೆಯಿಂದ ಬರುತ್ತಿದ್ದೇನೆ ಎಂದೆ. ಅವರು ನನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು. ಶಾಂತಿಗ್ರಾಮದಲ್ಲಿ ಇಳಿದು ಆಟೊ ಹಿಡಿದೆ.

ಅಷ್ಟರಲ್ಲಿ ಸಂಘದಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಮುಂದಿನ ಸಾಲಿನಲ್ಲಿದ್ದ ಕಾಳಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ಅಧ್ಯಕ್ಷರು ವಾಡಿಕೆಯಂತೆ ಭಾವಿಸೋಣವೇ ಎಂದು ಕೇಳಿದ್ದಾರೆ. ನಂಜೇಗೌಡ ಎದ್ದಿದ್ದಾನೆ.

“ಅದೆಲ್ಲ ಆಗಕಿಲ್ಲ. ಮೊದಲ್ನೇ ಅಕ್ಸರದಿಂದ ಓದ್ಲಿ, ಕೇಳವ.”

ಜಯಮ್ಮ ಪುಸ್ತಕ ತೆರೆದಿದ್ದಾಳೆ. ಹೊದಿಕೆಯನ್ನೊಮ್ಮೆ ಮುಚ್ಚಿ ನೋಡಿದಳಂತೆ. ಆಮೇಲೆ ಹಾಲಿನ ಅಳತೆ ಕೂಗುವ ದನಿಯಲ್ಲೇ ಓದತೊಡಗಿದ್ದಾಳೆ. ಹೊಳೆ ಬತ್ತಿತು. ಜನ ಊರು ಬಿಟ್ಟರು. ಗೋಡೆಗಳು ಬಿರುಕು ಬಿಟ್ಟವು. ಅಧಿಕಾರಿಗಳು ಮಲಗಿದ್ದರು. ಕೈಯಲ್ಲಿದ್ದ ಪುಸ್ತಕವನ್ನು ಯಾರೂ ತೆರೆದಿರಲಿಲ್ಲವಾದ್ದರಿಂದ ಮೊದಲ ಹತ್ತು ನಿಮಿಷ ಯಾರಿಗೂ ಅನುಮಾನ ಬಂದಿಲ್ಲ. ಇದು ವರದಿಯ ಪೀಠಿಕೆ, ಊರಿನ ಸದ್ಯದ ಪರಿಸ್ಥಿತಿ ಹೇಳುತ್ತಿದ್ದಾಳೆ ಎಂದುಕೊಂಡಿದ್ದಾರೆ.

ನಾನು ಕಿಟಕಿಯ ಹತ್ತಿರ ಬಂದು ನಿಂತಾಗ ಅವಳು ಉಗ್ರಾಣದ ಅಧಿಕಾರಿ ದುರ್ಜಯನ ಭಾಗಕ್ಕೆ ಬಂದಿದ್ದಳು. ಮಣಿಕೋಟೆಯಲ್ಲಿ ಸಂಚಿನ ಬೇರು ಅವನೇ. ದಿನಾ ಬೆಳಗಿನ ಜಾವ ಅರಮನೆಯ ಹಾಲಿಗೆ ನೀರು ಬೆರೆಸುತ್ತಾನೆ. ಯಾರಾದರೂ ಪ್ರಶ್ನೆ ಮಾಡಿದರೆ ಎಡಗೈ ಕಿರುಬೆರಳಿನಿಂದ ಮೀಸೆಯ ತುದಿ ತೀಡಿಕೊಂಡು, ಪ್ರಶ್ನೆ ಮಾಡಿದವರನ್ನೇ ಕೆಲಸದಿಂದ ತೆಗೆಸುತ್ತಾನೆ. ಬರೆಯುವಾಗ ನನ್ನ ಮನಸ್ಸಿನಲ್ಲಿ ಯಾರೂ ಇರಲಿಲ್ಲ ಎಂದು ಈಗಲೂ ಪ್ರಮಾಣ ಮಾಡಬಲ್ಲೆ. ಆದರೆ ನಾಲ್ಕು ವರ್ಷ ಊಟಕ್ಕೆ ಕೂತಾಗಲೆಲ್ಲ ಜಯಮ್ಮನ ಬಾಯಿಂದ ಕೇಳಿದ್ದು ಒಂದೇ ಕ್ಯಾನಿನ ಕತೆ. ಅನ್ನದ ಜೊತೆ ಅದೂ ಒಳಗೆ ಹೋಗಿರಬೇಕು.

ಜಯಮ್ಮ ಆ ಸಾಲು ಓದಿ ಪುಟ ತಿರುಗಿಸಿದಳು. ಸುಮಾರು ನೂರಾ ಎಂಬತ್ತು ಜನ ಒಟ್ಟಿಗೇ ಕತ್ತು ಹೊರಳಿಸಿ ನಂಜೇಗೌಡನನ್ನು ನೋಡಿದರು.

ಅವನ ಎಡಗೈ ಕಿರುಬೆರಳು ಮೀಸೆಯ ಮೇಲಿತ್ತು.

ಬೆರಳನ್ನು ಅಲ್ಲೇ ಇಡುವುದೋ ಕೆಳಗಿಳಿಸುವುದೋ ಅವನಿಗೆ ತಿಳಿಯಲಿಲ್ಲ. ಹಿಂದಿನಿಂದ ಯಾರೋ, “ಗೌಡ್ರೇ, ಕೈ ಇಳ್ಸಿ, ನೋವಾದಾತು,” ಎಂದರು.

“ಸಾಕು ಬುಡ್ರಪ್ಪ,” ಎಂದ ನಂಜೇಗೌಡ. “ಓದಿದ್ದಾಯ್ತು ಅಂತ ಬರ್ಕಳಿ.”

“ಬರ್ಕೊಳಕ್ಕಾಗಲ್ಲ ಗೌಡ್ರೇ,” ಎಂದಳು ಜಯಮ್ಮ. “ಇದು ವರದಿ ಅಲ್ಲ. ನಮ್ಮನೆಯವರ ಕತೆ. ಒಳಪುಟ ಅದಲುಬದಲಾಗಿದೆ.” ಆಮೇಲೆ ತಲೆ ಎತ್ತದೆಯೇ ಕಿಟಕಿಯ ಕಡೆ ಕೈ ಚಾಚಿದಳು. “ಕೊಡ್ರೀ ಇಲ್ಲಿ.”

ನಾನು ಸರಳುಗಳ ನಡುವೆ ತೂರಿಸಿ ಕೊಟ್ಟೆ. ಮುಖಪುಟದ ಮೇಲೆ ಮಣಿಕೋಟೆ, ಹಿಂಬದಿಯಲ್ಲಿ ನನ್ನ ಭಾವಚಿತ್ರ, ಒಳಗೆ ಹಾಲಿನ ಸಂಘ. ಅವಳು ಎಲ್ಲರ ಮುಂದೆ ನನ್ನ ಮುಖವನ್ನು ಮೇಜಿಗೆ ಕವುಚಿ ಇಟ್ಟು ಮೊದಲ ಪುಟದಿಂದ ಓದಿದಳು. ನಂಜೇಗೌಡ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಎರಡೂ ಕೈಗಳ ಮೇಲೆ ಕೂತಿದ್ದ. ಮೂವತ್ತೇಳನೇ ಪುಟ ಬಂದಾಗ ಕಾಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಗೌರಿ ಅವಳದೇ ಹಸು. ಸಂಘ ಹುಟ್ಟಿದಂದಿನಿಂದ ನಿಜವಾಗಿ ಓದಿ ಅಂಗೀಕರಿಸಿದ ಮೊದಲ ವರದಿ ಅದು. ಸರ್ವಾನುಮತ. ನಂಜೇಗೌಡನ ಕೈಯೂ ಎದ್ದಿತು, ಬಲಗೈ. ಜಯಮ್ಮನ ಕುರ್ಚಿ ಜಯಮ್ಮನದೇ ಆಗಿ ಉಳಿಯಿತು.

ಊಟಕ್ಕೆ ಏಳುವಾಗ ಕಾಳಮ್ಮ ನನ್ನನ್ನು ತಡೆದಳು. “ಸಾ, ಆ ನೀರು ಬೆರ್ಸೋನು ಏನಾದ? ಸತ್ನಾ, ಇಲ್ವಾ?” ಇಪ್ಪತ್ತೈದನೇ ಅಧ್ಯಾಯದಲ್ಲಿ ಗೊತ್ತಾಗುತ್ತದೆ ಎಂದೆ. ಹಾಗಾದರೆ ಪುಸ್ತಕ ವಾಪಸ್ ಕೊಡುವುದಿಲ್ಲ ಎಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಮನೆಗೆ ನಡೆಯುವಾಗ, ಗೊತ್ತಾದ ಮೇಲೂ ಯಾಕೆ ಓದಿದೆ ಎಂದು ಜಯಮ್ಮನನ್ನು ಕೇಳಿದೆ.

“ನಿಲ್ಲಿಸಿದ್ರೆ ನಂಜೇಗೌಡ ಎದ್ದೇಳ್ತಿದ್ದ. ಅದಕ್ಕೆ ಓದ್ತಾ ಹೋದೆ,” ಎಂದಳು. ಹತ್ತು ಹೆಜ್ಜೆ ಆದ ಮೇಲೆ ಸೇರಿಸಿದಳು: “ಆಮೇಲೆ ನಿಲ್ಸೋಕೆ ಮನಸ್ಸಾಗ್ಲಿಲ್ಲ.”

ನನಗೆ ಬೇರೆ ವಿಮರ್ಶೆ ಬೇಕಿರಲಿಲ್ಲ. ಆದರೂ ಬಂತು.

ಷಫಿ ಸಾಹೇಬರು ನೊಂದುಕೊಂಡು ಹೊದಿಕೆಗಳನ್ನು ಸರಿಮಾಡಿಕೊಟ್ಟರು. ತಪ್ಪು ಯಾರದೆಂದು ಕೇಳಿದ್ದಕ್ಕೆ ಹೇಳಿದರು: “ಇಷ್ಟು ವರ್ಷದಿಂದ ಬರೆಯೋರ್ನ ನೋಡ್ತಾ ಇದೀನಿ ಸಾ. ತಮ್ಮ ಪುಸ್ತಕದ ಮೇಲೆ ಎರಡು ಅಂತ ಬರೆದೋರು ಒಬ್ಬರೂ ಇಲ್ಲ. ಒಳಗೆ ಓದಿ ನೋಡ್ಲಿಲ್ಲ, ಒಂದು ಅಂದ್ರೆ ನಿಮ್ದೇ ಅಂದ್ಕೊಂಡೆ.” ಚೀಟಿ ಇನ್ನೂ ನನ್ನ ಜೇಬಿನಲ್ಲಿತ್ತು. ಒಗೆದು ಇಸ್ತ್ರಿಯಾಗಿತ್ತು.

ಸರಿಯಾದ ಪ್ರತಿಯನ್ನು ಅರಕಲಗೂಡಿನ ಅಧ್ಯಾಪಕರಿಗೆ ಕಳಿಸಿದೆ. ವಾರದ ನಂತರ ಅವರ ಫೋನು ಬಂತು. ಈ ಸಲ ನಿಜವಾಗಿ ಓದಿದ್ದರು. ಸಂಚುಗಳು ತುಸು ಹೆಚ್ಚಾದವು ಎಂದರು. ಆಮೇಲೆ ನೊಂದ ದನಿಯಲ್ಲಿ, ಅಂದು ಓದಿದ ಮೂವತ್ತೇಳನೇ ಪುಟವನ್ನು ಏಕೆ ತೆಗೆದುಹಾಕಿದಿರಿ, ಇಡೀ ಪುಸ್ತಕದಲ್ಲಿ ಸಾಹಿತ್ಯ ಎನ್ನಬಹುದಾದದ್ದು ಅದೊಂದೇ ಇತ್ತಲ್ಲ ಎಂದು ಕೇಳಿದರು. ಅದನ್ನು ಬರೆದವರು ಬೇರೆ, ಅವರು ಈಗ ಹಾಲು ಅಳೆಸಿಕೊಳ್ಳುತ್ತಿದ್ದಾರೆ ಎಂದು ಹೇಳಿ ಫೋನ್ ಇಟ್ಟೆ.

ಈಗ ದಿನಾ ಬೆಳಿಗ್ಗೆ ಕ್ಯಾನುಗಳು ಸಾಲು ನಿಂತಿರುವಾಗ ಜಯಮ್ಮ ಕಾದಂಬರಿಯ ಎರಡು ಪುಟ ಓದಿ ಹೇಳುತ್ತಾಳೆ. ಜನ ಬೇಗ ಬರುತ್ತಾರೆ. ನಂಜೇಗೌಡನ ಹಾಲು ಗಟ್ಟಿಯಾಗಿದೆ. ಮೊದಲ ಕಾದಂಬರಿಯಿಂದಲೇ ಊರಿನ ಹಾಲನ್ನು ಸುಧಾರಿಸಿದ ಲೇಖಕ ಈ ಸೀಮೆಯಲ್ಲಿ ನಾನೊಬ್ಬನೇ ಎಂದು ವಿನಯದಿಂದ ಹೇಳಿಕೊಳ್ಳಬಲ್ಲೆ.

ಈ ಧೈರ್ಯದಲ್ಲೇ ಹೋದ ವಾರ ಜಯಮ್ಮನಿಗೆ ಒಂದು ಸಹಾಯ ಮಾಡಲು ಮುಂದಾದೆ. ಕೆಂಪಣ್ಣನ ಇನ್ನೊಂದು ಹಸು ತೀರಿಕೊಂಡಿತ್ತು. ಮುಂದಿನ ವರದಿಗೆ ಅದನ್ನು ನಾನೇ ಬರೆದುಕೊಡುತ್ತೇನೆ ಎಂದೆ. ಎರಡು ದಿನ ಕೂತು, ಹೊಳೆಯ ಮೇಲಿನ ಮಂಜಿನಿಂದ ಆರಂಭಿಸಿ ನಾಲ್ಕು ಪುಟ ಬರೆದೆ. ಜಯಮ್ಮ ಕೆಂಪು ಪೆನ್ಸಿಲ್ ಹಿಡಿದು ತಾಳ್ಮೆಯಿಂದ ನಾಲ್ಕೂ ಪುಟ ಓದಿದಳು. ಆಮೇಲೆ ಕನ್ನಡಕ ತೆಗೆದು ಕೇಳಿದಳು:

“ಎಲ್ಲ ಚೆನ್ನಾಗಿದೆ ಕಣ್ರೀ. ಹಸು ಎಲ್ಲಿ ಸಾಯುತ್ತೆ?”

ಐದನೇ ಪುಟದಲ್ಲಿ ಎಂದೆ.