ಮರದ ಕೆಳಗೆ ಉಸಿರಾಡಿದ ತಪ್ಪಿಗೆ

ವಿಮಾನ ಕಂಪನಿಯ ಅಧ್ಯಕ್ಷರಾದ ಮಾನ್ಯರೇ,

ನೆಲದ ಮೇಲೆ ನಿಂತು, ಕತ್ತು ನೋಯುವಷ್ಟು ಮೇಲೆ ನೋಡಿ ತಮಗೆ ನಮಸ್ಕರಿಸುತ್ತಿದ್ದೇನೆ. ತಾವು ಯಾವ ಕಿಟಕಿಯಲ್ಲಿ ಕುಳಿತಿರುತ್ತೀರೋ ತಿಳಿಯದ ಕಾರಣ, ಹಾದುಹೋಗುವ ಎಲ್ಲ ವಿಮಾನಗಳಿಗೂ ಕೈ ಮುಗಿದಿದ್ದೇನೆ. ಅದರಲ್ಲಿ ಒಂದೆರಡು ಬೇರೆ ಕಂಪನಿಯವಾಗಿದ್ದರೆ ಆ ನಮಸ್ಕಾರಗಳನ್ನು ಅವರಿಂದ ವಸೂಲು ಮಾಡಿಕೊಳ್ಳಬೇಕಾಗಿ ವಿನಂತಿ.

ನಾನು ಬಟ್ಟೆಗೆ ಇಸ್ತ್ರಿ ಹಾಕುವವನು. ಬೀದಿಯ ತಿರುವಿನ ಕಾಡುಬಾದಾಮಿ ಮರದ ಕೆಳಗೆ, ಅಪ್ಪನ ಕಾಲದಿಂದಲೂ, ನಮ್ಮ ಮೇಜು ಮತ್ತು ಇದ್ದಿಲಿನ ಪೆಟ್ಟಿಗೆ ಇವೆ. ಈಗ ನಾನೂ ನನ್ನ ಹೆಂಡತಿಯೂ ಅಲ್ಲಿ ದುಡಿಯುತ್ತೇವೆ. ಇತ್ತೀಚೆಗೆ ಟೈ ಕಟ್ಟಿದ ತಮ್ಮ ಪ್ರತಿನಿಧಿಯೊಬ್ಬರು ಬಂದು, ಮರವನ್ನು ಅಪ್ಪಿಕೊಂಡು ಅಳತೆ ತೆಗೆದು, ಇದನ್ನು ತಾವು ನಗರಸಭೆಯಿಂದ ಕೊಂಡಿದ್ದೀರೆಂದೂ, ತಮ್ಮ ವಿಮಾನಗಳ ಹೊಗೆಯನ್ನು ಇನ್ನು ಮುಂದೆ ಇದೇ ಕುಡಿಯುತ್ತದೆಂದೂ, ಆದ್ದರಿಂದ ತಮ್ಮ ಪ್ರಯಾಣಿಕರು ಯಾವ ಪಾಪವೂ ಅಂಟದಂತೆ ಹಾರಾಡಬಹುದೆಂದೂ ತಿಳಿಸಿದರು. ನಾನು ಮರದ ಪರವಾಗಿ ಸಂತೋಷಪಟ್ಟೆ. ಅದುವರೆಗೆ ಕಾಗೆಗಳನ್ನು ಬಿಟ್ಟರೆ ಅದಕ್ಕೆ ಹಾರುವವರ ಸಹವಾಸವೇ ಇರಲಿಲ್ಲ.

ಅಷ್ಟರಲ್ಲಿ ಅವರ ಕಣ್ಣು ನನ್ನ ಪೆಟ್ಟಿಗೆಯ ಮೇಲೆ ಬಿತ್ತು. ನನ್ನ ಇದ್ದಿಲಿನ ಹೊಗೆಯನ್ನು ಮರ ಕುಡಿದುಬಿಟ್ಟರೆ ತಮ್ಮ ಹೊಗೆಗೆ ಅದರ ಹೊಟ್ಟೆಯಲ್ಲಿ ಜಾಗ ಸಾಲದಂತೆ, ಹಾಗಾಗಿ ತಿಂಗಳ ಕೊನೆಯೊಳಗೆ ಮೇಜು ಎತ್ತಬೇಕಂತೆ, ಅಲ್ಲಿಯವರೆಗೆ ಉಸಿರಿನ ಮೇಲೂ ನಿಗಾ ಇರಬೇಕಂತೆ. "ಉಸಿರಾಡಬೇಡಿ ಅಂತ ನಾನೆಲ್ಲಿ ಹೇಳ್ದೆ? ಬಿಡೋವಾಗ ಸ್ವಲ್ಪ ಆ ಕಡೆ ಹೋಗಿ ಬಿಡಿ ಅಂದೆ, ಅಷ್ಟೇ" ಎಂದು ಬಹಳ ಮೃದುವಾಗಿಯೇ ವಿವರಿಸಿದರು. ನನ್ನ ಹೆಂಡತಿಗೆ ಲೋಕಜ್ಞಾನ ಕಡಿಮೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದುಬಿಟ್ಟಳು. ಭೂಮಿಗೇ ಜ್ವರ ಬಂದಿರುವಾಗ ಎಮ್ಮೆಗಳೂ ಸಹಕರಿಸಬೇಕೆಂದು ನಾನು ಅವಳನ್ನು ಗದರಿದೆ.

ಅಂದಿನಿಂದ ಸಹಕರಿಸುತ್ತಲೇ ಇದ್ದೇವೆ. ಉಸಿರನ್ನು ಮರದ ಕೆಳಗೆ ಎಳೆದುಕೊಂಡು, ರಸ್ತೆ ದಾಟಿ, ಔಷಧಿ ಅಂಗಡಿಯ ಮುಂದೆ ಬಿಟ್ಟು ಬರುತ್ತೇವೆ; ಹೀಗೆ ಓಡಾಡುವಾಗ ಶಾಲಾ ಮಾಸ್ತರರ ಅಂಗಿಯ ಕಾಲರು ಸುಟ್ಟಿತು, ಅದು ತಮ್ಮ ತಪ್ಪಲ್ಲ. ಈಗ ಔಷಧಿಯವನು ತನ್ನ ಬಾಗಿಲಲ್ಲಿ ನಮ್ಮ ಉಸಿರು ರಾಶಿ ಬಿದ್ದಿದೆ ಎಂದು ತಕರಾರು ತೆಗೆದಿದ್ದಾನೆ. ನಗರಸಭೆಗೆ ಹೋದರೆ, ನೆಲ ನಗರಸಭೆಯದು, ಮರ ಕಂಪನಿಯದು, ನೆರಳಿನ ಬಗ್ಗೆ ಮಾತುಕತೆ ನಡೆಯುತ್ತಿದೆ ಎಂದರು. ಮಾತಾಡಬೇಕಾದ ಸದಸ್ಯರು ಭೂಮಿ ಬಿಸಿಯಾಗುವುದನ್ನು ತಡೆಯುವ ಸಮ್ಮೇಳನಕ್ಕೆ, ತಮ್ಮ ಕಂಪನಿಯದೇ ವಿಮಾನದಲ್ಲಿ, ಸಕುಟುಂಬ ಪರಿವಾರ ಸಮೇತ ಹೋಗಿದ್ದಾರಂತೆ. ಅವರ ಸೂಟುಗಳಿಗೆ ಇಸ್ತ್ರಿ ಹಾಕಿದವನು ನಾನೇ ಎಂಬ ಹೆಮ್ಮೆ ನನಗಿದೆ.

ಮಾನ್ಯರೇ, ತಮ್ಮ ಔದಾರ್ಯ ದೊಡ್ಡದು, ಆದರೆ ಅಷ್ಟು ಎತ್ತರದಿಂದ ಚೆಲ್ಲಿಹೋಗುವುದರಿಂದ ಯಾವ ಹೊಗೆ ತಮ್ಮದು, ಯಾವುದು ನಮ್ಮದು ಎಂದು ಮರಕ್ಕೆ ಗುರುತು ಹತ್ತುತ್ತಿಲ್ಲ. ದಿನಕ್ಕೊಮ್ಮೆ ವಿಮಾನವನ್ನೇ ನಮ್ಮ ಬೀದಿಗೆ ಇಳಿಸಿ, ಹೊಗೆಯನ್ನು ಬುಡಕ್ಕೆ ತಲುಪಿಸಿ ಹೋದರೆ ಉಪಕಾರವಾಗುತ್ತದೆ. ತಿರುವಿನಲ್ಲಿ ರೆಕ್ಕೆಯನ್ನು ಸ್ವಲ್ಪ ಮಡಚಬೇಕಾದೀತು. ಅದಾಗದಿದ್ದರೆ ರಸ್ತೆ ಕಡೆಯ ಒಂದು ಕೊಂಬೆಯನ್ನು, ಗಂಡಹೆಂಡಿರ ಉಸಿರಿಗೆ ಸಾಲುವಷ್ಟು ಎಲೆಗಳ ಸಮೇತ, ನಮ್ಮ ಪಾಲಿಗೆ ಬಿಟ್ಟುಕೊಡಿ. ನಾವು ನಿಟ್ಟುಸಿರು ಬಿಡುವುದನ್ನು ಕಡಿಮೆ ಮಾಡುತ್ತೇವೆ. ಇಲ್ಲಿಂದ ಎದ್ದರೆ ನಮಗೆ ಹೋಗಲು ಇನ್ನೊಂದು ನೆರಳಿಲ್ಲ, ಈ ಮಾತನ್ನು ಮಾತ್ರ ತಮಾಷೆಗೆ ಹೇಳುತ್ತಿಲ್ಲ.

ತಮ್ಮ ಎತ್ತರಕ್ಕೆ ಎಂದೂ ಕುಂದು ಬಾರದಿರಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ತಿರುವಿನ ಇಸ್ತ್ರಿಯವನು

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ನಗರಸಭೆಯವರು ಮರವನ್ನು ಕಡಿದರು. ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆ ಅಗಲವಾಗಬೇಕಂತೆ. ಇನ್ನೊಂದು ಮರ ಸಿಗುವವರೆಗೆ ಹೊಗೆಯನ್ನು ಬಾಯಲ್ಲೇ ಹಿಡಿದುಕೊಂಡಿರುವಂತೆ ಆಕಾಶದಲ್ಲಿರುವ ತಮ್ಮ ವಿಮಾನಗಳಿಗೆ ದಯವಿಟ್ಟು ಹೇಳಿಕಳಿಸಿ. ನಮ್ಮ ಚಿಂತೆ ಬೇಡ. ಈ ಬಿಸಿಲಿಗೆ ಪೆಟ್ಟಿಗೆ ಇದ್ದಿಲಿಲ್ಲದೆಯೇ ಕಾಯುತ್ತಿದೆ. ನಿನ್ನೆ ನನ್ನ ಹೆಂಡತಿ ಮೇಜಿನ ಪಕ್ಕದಲ್ಲೇ ತಲೆ ಸುತ್ತಿ ಬಿದ್ದಳು, ಬಿದ್ದಿದ್ದಷ್ಟು ಹೊತ್ತೂ ಉಸಿರನ್ನು ಬಹಳ ಕಡಿಮೆ ಬಿಟ್ಟಳು. ಆ ಉಳಿತಾಯವನ್ನು ತಮ್ಮ ಯಾವ ವಿಮಾನಕ್ಕೆ ಜಮಾ ಮಾಡಬೇಕೆಂದು ತಿಳಿಸುವುದು.