ಕಂಬಳಿಯೊಳಗೆ ಹೊಡೆದ ಗಂಟೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಗುಂಡಿ. ಪ್ಯಾಂಟಿನ ಗುಂಡಿ.

ವಾರದ ಹಿಂದೆ ಗಡಿಯಾರದಣ್ಣ ತನ್ನ ರಿಪೇರಿ ಅಂಗಡಿಯಲ್ಲಿ ಕೆಳಗೆ ಬಿದ್ದ ಸಾಸಿವೆ ಗಾತ್ರದ ಸ್ಕ್ರೂ ಹುಡುಕಲು ಬಗ್ಗಿದ. ಹನ್ನೊಂದು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಬೆಳೆಸಿದ ಹೊಟ್ಟೆ ಬಗ್ಗಲು ಒಪ್ಪಲಿಲ್ಲ. ಗುಂಡಿ ಕವಣೆಯಿಂದ ಬಿಟ್ಟ ಕಲ್ಲಿನಂತೆ ಹಾರಿ, ಎದುರಿಗೆ ನಿಂತಿದ್ದ ಗಿರಾಕಿಯ ಕನ್ನಡಕಕ್ಕೆ ಟಣ್ಣೆಂದು ಬಡಿಯಿತು. ಆ ಗಿರಾಕಿ ಬೇರೆ ಯಾರಾದರೂ ಆಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವರು ಅವನ ಕಟ್ಟಡದಲ್ಲೇ ನೆಲಮಹಡಿಯಲ್ಲಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು. ದಿನಾ ಬೆಳಿಗ್ಗೆ ಐದಕ್ಕೆ ಪೀಪಿ ಊದಿ ಕಟ್ಟಡದ ಹತ್ತು ಜನರನ್ನು ಮೈದಾನಕ್ಕೆ ಅಟ್ಟಿಸಿಕೊಂಡು ಹೋಗುವವರು.

ಮೇಷ್ಟ್ರು ಗುಂಡಿಯನ್ನು ಜೇಬಿಗೆ ಹಾಕಿಕೊಂಡು ನೆಟ್ಟಗೆ ಅವನ ಮನೆಗೆ ಹೋದರು. ಸಂಜೆ ಅವನು ಮನೆ ಸೇರುವ ಹೊತ್ತಿಗೆ ಹೆಂಡತಿ, ಅತ್ತೆ, ಮೇಷ್ಟ್ರು ಮೂವರೂ ಮೇಜಿನ ಸುತ್ತ ಕೂತಿದ್ದರು. ನಡುವೆ ಗುಂಡಿ.

"ಏನಯ್ಯಾ, ಐದು ವರ್ಷದಿಂದ ಕರೀತಿದ್ದೀನಿ, ಬರ್ತೀಯೋ ಇಲ್ವೋ?" ಎಂದರು ಮೇಷ್ಟ್ರು.

"ವ್ಯಾಯಾಮ ಅನ್ನೋದು ಒಳಗಿಂದ ಬರಬೇಕು ಮೇಷ್ಟ್ರೇ. ಪೀಪಿ ಊದಿದ್ರೆ ಬರಲ್ಲ."

"ನಿಮ್ಮ ಒಳಗಿಂದ ಬಂದಿದ್ದು ಇದೊಂದೇ," ಎಂದು ಹೆಂಡತಿ ಗುಂಡಿಯನ್ನು ಮುಂದಕ್ಕೆ ತಳ್ಳಿದಳು.

ಕೊನೆಗೆ ಒಂದು ಒಪ್ಪಂದವಾಯಿತು. ಯಾರೂ ಎಬ್ಬಿಸದೆ, ತಾನಾಗಿ ಎದ್ದು, ಬೆಳಿಗ್ಗೆ ಐದೂವರೆಯೊಳಗೆ ಮನೆ ಬಿಟ್ಟು, ಮೈದಾನಕ್ಕೆ ಐದು ಸುತ್ತು ಹಾಕಬೇಕು. ಏಳು ದಿನ ಮಾಡಿ ತೋರಿಸಿದರೆ ಅವನಿಗೆ ಸ್ವಂತ ಶಿಸ್ತು ಇದೆ ಎಂದು ಲೆಕ್ಕ. ಮುಂದೆ ಯಾವಾಗ ನಡೆಯಬೇಕು, ಎಷ್ಟು ನಡೆಯಬೇಕು ಎಂಬುದು ಅವನಿಗೇ ಬಿಟ್ಟದ್ದು. ಯಾರೂ ಸೊಲ್ಲೆತ್ತುವಂತಿಲ್ಲ. ಒಂದೇ ಒಂದು ದಿನ ತಪ್ಪಿದರೂ ಒಂದು ವರ್ಷ ಮೇಷ್ಟ್ರ ಪೀಪಿಗೆ ಕುಣಿಯಬೇಕು. ಗಡಿಯಾರದಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ: ಏಳು ಬೆಳಗಿನ ನಿದ್ದೆ ಕೊಟ್ಟರೆ ಜೀವಮಾನದ ಬೆಳಗಿನ ನಿದ್ದೆ ಉಳಿಯುತ್ತದೆ. ಒಪ್ಪಿಕೊಂಡ.

ಆರು ದಿನ ಅವನು ಪಟ್ಟ ಪಾಡು ಅವನಿಗೇ ಗೊತ್ತು. ನಡೆಯುವ ಬಟ್ಟೆ ತೊಟ್ಟುಕೊಂಡೇ ಮಲಗಿದ. ಶೂಗಳನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡ. ಒಂದು ದಿನವಂತೂ ಹಾಕಿಕೊಂಡೇ ಮಲಗಿ ಹೆಂಡತಿಯಿಂದ ಬೈಸಿಕೊಂಡ. ಅಲಾರಾಂ ಹೊಡೆದಾಗೆಲ್ಲ ಮನಸ್ಸು ವಕೀಲನಂತೆ ಎದ್ದು ನಿಂತು, "ಇನ್ನೈದು ನಿಮಿಷ ಕೊಡಿ ಸ್ವಾಮಿ, ಕಕ್ಷಿದಾರರಿಗೆ ಆಯಾಸವಾಗಿದೆ," ಎಂದು ವಾದಿಸುತ್ತಿತ್ತು. ಆರು ದಿನವೂ ಅವನು ವಕೀಲನನ್ನು ಹೊರಗೆ ಹಾಕಿದ.

ಏಳನೆಯ ದಿನ ಭಾನುವಾರ. ಅವತ್ತು ವಕೀಲ ಗೆದ್ದ.

ಗಡಿಯಾರದಣ್ಣ ಕಣ್ಣು ಬಿಟ್ಟಾಗ ಆರೂ ನಲವತ್ತು. ಅಲಾರಾಮನ್ನು ಯಾವಾಗ ಅದುಮಿ ದಿಂಬಿನ ಕೆಳಗೆ ತುರುಕಿದನೋ ಅವನಿಗೇ ನೆನಪಿಲ್ಲ. ಕಿವಿಯಲ್ಲಿ ಒಂದು ವರ್ಷದ ಪೀಪಿ ಒಟ್ಟಿಗೇ ಕೇಳಿಸಿತು.

ಆದರೆ ಮನೆ ನಿಶ್ಶಬ್ದ. ಭಾನುವಾರವಾದ್ದರಿಂದ ಮೇಷ್ಟ್ರ ತಂಡಕ್ಕೂ ರಜೆ. ಹೆಂಡತಿ ಗೋಡೆ ಕಡೆ ತಿರುಗಿ ಮಲಗಿದ್ದಳು, ಪಕ್ಕದ ಕೋಣೆಯಲ್ಲಿ ಅತ್ತೆಯ ಗೊರಕೆ ಕ್ರಮವಾಗಿತ್ತು. ಮೂರು ದಿನದಿಂದ ಮೋಡ ಕವಿದು, ಕಿಟಕಿಯಾಚೆ ಬೆಳಗೋ ಬೈಗೋ ಹೇಳಲಾಗದಂಥ ಬೆಳಕು. ಹೊತ್ತಾದದ್ದು ಗೊತ್ತಿರುವುದು ಗಡಿಯಾರಗಳಿಗೆ ಮಾತ್ರ. ಗಡಿಯಾರಗಳಿಗೆ ಬುದ್ಧಿ ಹೇಳುವುದು ಅವನ ಕಸುಬು.

ಸ್ಟೂಲು ಎಳೆದ. ನಡುಮನೆಯ ಗಡಿಯಾರ, ಅಡುಗೆಮನೆಯದು, ಅತ್ತೆಯ ಕೋಣೆಯದು, ರಿಪೇರಿಯಾದ ಮೇಲೆ ಸರಿಯಾಗಿ ಓಡುತ್ತವೋ ನೋಡಲು ಮನೆಯಲ್ಲಿ ನೇತುಹಾಕಿದ್ದ ಗಿರಾಕಿಗಳ ನಾಲ್ಕು. ಹತ್ತಿದ, ಮುಳ್ಳು ಹಿಂದಕ್ಕೆ ತಿರುಗಿಸಿದ, ಇಳಿದ, ಸ್ಟೂಲು ಎತ್ತಿದ, ಮತ್ತೆ ಹತ್ತಿದ. ಏಳನೆಯದನ್ನು ಮುಗಿಸುವಷ್ಟರಲ್ಲಿ ಆರು ದಿನದ ನಡಿಗೆಯಲ್ಲಿ ಬಾರದ ಬೆವರು ಬಂದಿತ್ತು.

ಉಳಿದದ್ದು ಗಂಟೆ ಹೊಡೆಯುವ ಹಳೆಯ ಮರದ ಗಡಿಯಾರ. ಅದರ ಮುಳ್ಳನ್ನು ಹಿಂದಕ್ಕೆ ತಿರುಗಿಸುವಂತಿಲ್ಲ, ಹೊಡೆಯುವ ಲೆಕ್ಕ ಕೆಡುತ್ತದೆ. ಮುಂದಕ್ಕೇ ತಿರುಗಿಸಬೇಕು, ಪ್ರತಿ ಗಂಟೆಗೂ ನಿಲ್ಲಿಸಿ, ಅದು ಹೊಡೆಯುವಷ್ಟನ್ನು ಹೊಡೆಯಲು ಬಿಡಬೇಕು. ಕದ್ದು ಮಾಡುವ ಕೆಲಸದಲ್ಲೂ ಕಸುಬಿಗೆ ದ್ರೋಹ ಮಾಡಲು ಅವನ ಕೈ ಬರಲಿಲ್ಲ. ಗಡಿಯಾರವನ್ನು ಗೋಡೆಯಿಂದ ಇಳಿಸಿ, ಎಳೆಮಗುವಿನಂತೆ ಕಂಬಳಿಯಲ್ಲಿ ಸುತ್ತಿ, ಅವಚಿಕೊಂಡು ಕುಳಿತು ಮುಳ್ಳು ತಿರುಗಿಸತೊಡಗಿದ. ಏಳು ಹೊಡೆಯಿತು. ಎಂಟು ಹೊಡೆಯಿತು. ಒಂಬತ್ತು, ಹತ್ತು, ಹನ್ನೊಂದು. ಬಾಯಿಗೆ ಬಟ್ಟೆ ಕಟ್ಟಿದವನು ಮಗ್ಗಿ ಹೇಳಿದಂತಿತ್ತು. ಐದಕ್ಕೆ ಬರಲು ಒಟ್ಟು ಎಪ್ಪತ್ತೆರಡು ಸಲ ಹೊಡೆಯಬೇಕು. ಐವತ್ತೆಂಟನೆಯದಕ್ಕೆ ಪಕ್ಕದ ಕೋಣೆಯ ಗೊರಕೆ ನಿಂತಿತು.

"ಅಳಿಯಂದಿರೇ," ಬಾಗಿಲಲ್ಲಿ ಅತ್ತೆ ನಿಂತಿದ್ದರು, "ಕಂಬಳಿ ಯಾಕೆ ಗಂಟೆ ಹೊಡೀತಿದೆ?"

"ಧೂಳು ಒರೆಸ್ತಿದ್ದೆ ಅತ್ತೆ."

"ಈ ಕತ್ತಲಲ್ಲಿ?"

"ಬೆಳಕಲ್ಲಿ ಧೂಳು ಎಚ್ಚರ ಇರುತ್ತೆ, ಹಾರಿ ಹೋಗುತ್ತೆ."

ಅತ್ತೆ ಗೋಡೆ ನೋಡಿದರು. "ಇನ್ನೂ ಐದೂಕಾಲಾ? ನನ್ನ ಹೊಟ್ಟೆ ಏಳು ಅಂತಿದೆಯಲ್ಲ."

"ಹೊಟ್ಟೆಗೆ ಕೀಲಿ ಕೊಡೋದು ಜಾಸ್ತಿಯಾದ್ರೆ ಮುಂದೆ ಓಡುತ್ತೆ ಅತ್ತೆ. ಮಲಗಿ."

ಅವರು ಗೊಣಗುತ್ತ ಒಳಗೆ ಹೋದರು. ಉಳಿದ ಗಂಟೆಗಳನ್ನೂ ಹೊಡೆಸಿ, ಗಡಿಯಾರ ನೇತುಹಾಕಿ ತಿರುಗಿದರೆ ಹೆಂಡತಿ ಎದ್ದು ನಿಂತಿದ್ದಳು. ಗೋಡೆಯಲ್ಲಿ ಐದೂ ಇಪ್ಪತ್ತೈದು. ನಿಜಕ್ಕೆ ಏಳಕ್ಕೆ ಐದು ನಿಮಿಷ. ಗಂಡನ ಹಣೆಯ ಬೆವರು, ಕಾಲಿನ ಶೂ ನೋಡಿ ಅವಳ ಕಣ್ಣು ಅರಳಿತು.

"ರೀ, ಇವತ್ತೂ ಎದ್ದ್ರಾ? ನಾನು ನಿಮಗೆ..."

"ಆಮೇಲೆ ಹೇಳು. ಹೊತ್ತಾಯ್ತು," ಎಂದು ಅವನು ಬಾಗಿಲು ದಾಟಿದ. ಮೂರನೆಯ ಮಹಡಿಯಿಂದ ಇಳಿಯುವಾಗ ಕಾಲು ನೆಲದ ಮೇಲಿರಲಿಲ್ಲ. ಇನ್ನು ಐದು ಸುತ್ತು ಹಾಕಿ ಬಂದರೆ ಬೆಳಗಿನ ನಿದ್ದೆ ತನ್ನದು.

ಮೊದಲ ಮಹಡಿಯಲ್ಲಿ ಬಸ್ ಡ್ರೈವರ್ ಬಾಗಿಲ ಬಳಿ ಹಲ್ಲುಜ್ಜುತ್ತ ನಿಂತಿದ್ದ. ಒಂಟಿ ಆಳು. ಭಾನುವಾರ ಅವನದು ಎಂಟು ಗಂಟೆಯ ಬಸ್ಸು.

"ಏನಣ್ಣ, ಏಳು ಗಂಟೆಗೆ ವಾಕಿಂಗಾ? ಐದೂವರೆ ಅಲ್ವಾ ನಿಮ್ಮ ಕರಾರು?"

ಗಡಿಯಾರದಣ್ಣ ಅಂಗಿಯ ತೋಳನ್ನು ಕೈಗಡಿಯಾರದ ಮೇಲೆ ಎಳೆದುಕೊಂಡ. "ಏಳೆಲ್ಲಿ? ಈಗ ಐದೂವರೆ."

"ನನ್ನ ಗಡಿಯಾರದಲ್ಲಿ ಏಳು. ನೀವೇ ರಿಪೇರಿ ಮಾಡಿದ್ದು."

"ಬ್ಯಾಟರಿ ಹೊಸದಲ್ವಾ, ಹುಮ್ಮಸ್ಸಲ್ಲಿ ಓಡಿರುತ್ತೆ."

ಕಟ್ಟಡದಲ್ಲಿ ಹೊತ್ತಿನ ವಿಷಯಕ್ಕೆ ಗಡಿಯಾರದಣ್ಣನದೇ ಕೊನೆಯ ಮಾತು. ಅವನು ಹೇಳಿದರೆ ಜನ ಸೂರ್ಯನನ್ನೇ ಅನುಮಾನಿಸುತ್ತಿದ್ದರು. ಡ್ರೈವರ್ ಒಳಗೆ ಹೋಗಿ ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿ, ಬಾಯಿ ಮುಕ್ಕಳಿಸಿ, ಖುಷಿಯಿಂದ ಮತ್ತೆ ಹೊದ್ದು ಮಲಗಿದ.

ನೆಲಮಹಡಿಯ ಕಿಟಕಿಯಲ್ಲಿ ಡ್ರಿಲ್ ಮೇಷ್ಟ್ರು. ಅವನನ್ನು ಕಂಡು ಅವರ ಮೀಸೆ ಅದುರಿತು.

"ಭಾನುವಾರಾನೂ ಬಂದ್ಯೇನಯ್ಯಾ? ಆದರೆ ಇಷ್ಟು ಹೊತ್ತಿಗೆ? ನನ್ನದರಲ್ಲಿ ಏಳೂ ಐದು."

"ಹೊಸ ಸ್ಪ್ರಿಂಗು ಮೇಷ್ಟ್ರೇ. ಮೊದಮೊದಲು ಸ್ವಲ್ಪ ಮುಂದೆ ಓಡುತ್ತೆ."

"ಸ್ವಲ್ಪ ಅಂದ್ರೆ?"

"ಒಂದೂವರೆ ಗಂಟೆ."

ಮೇಷ್ಟ್ರು ತಮ್ಮ ಗಡಿಯಾರವನ್ನು ತಿದ್ದಿಕೊಂಡು, ಇನ್ನೇನೋ ಹೇಳಲು ಬಾಯಿ ತೆರೆದರು. ಗಡಿಯಾರದಣ್ಣ ನಿಲ್ಲಲಿಲ್ಲ.

ಮೈದಾನದಲ್ಲಿ ಎರಡು ಸುತ್ತು ಹಾಕುವವರೆಗೂ ಅವನು ಹಕ್ಕಿಯಂತೆ ಹಗುರವಾಗಿದ್ದ. ನಾಳೆ ಎಂಟಕ್ಕೆ ಏಳುವುದೋ ಎಂಟೂವರೆಗೋ ಎಂದು ಯೋಚಿಸುತ್ತಿದ್ದ. ಮೂರನೆಯ ಸುತ್ತಿನಲ್ಲಿ ಕೈಗಡಿಯಾರ ನೋಡಿಕೊಂಡ. ಅದನ್ನು ಅವನು ತಿರುಗಿಸಿರಲಿಲ್ಲ. ಏಳೂ ನಲವತ್ತು. ಆಗ ತಲೆಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆಯಿತು. ಎಂಟಕ್ಕೆ ಹೊರಡಬೇಕಾದ ಬಸ್ಸು. ಅದರ ಡ್ರೈವರ್ ತನ್ನ ಮಾತು ನಂಬಿ ಮಲಗಿದ್ದಾನೆ.

ಗಡಿಯಾರದಣ್ಣ ಓಡಿದ. ಅವನು ಕೊನೆಯ ಸಲ ಓಡಿದ್ದು ನಾಯಿ ಅಟ್ಟಿಸಿಕೊಂಡು ಬಂದಾಗ, ಆಗಲೂ ಇಷ್ಟು ಜೋರಾಗಿರಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ಬಡಿದ.

"ಏಳಿ, ಡ್ಯೂಟಿಗೆ ಹೊತ್ತಾಯ್ತು."

ಡ್ರೈವರ್ ಒಂದು ಕಣ್ಣಲ್ಲಿ ಬಾಗಿಲು ತೆಗೆದು, ಇನ್ನೊಂದರಲ್ಲಿ ಗೋಡೆ ನೋಡಿದ. "ಆರೂ ಇಪ್ಪತ್ತು. ನೀವೇ ತಿದ್ದಿಸಿದ್ದಲ್ವಾ?"

"ಬೇಗ ಹೋದ್ರೆ ಏನು ನಷ್ಟ?"

"ನಿದ್ದೆ ನಷ್ಟ," ಎಂದು ಅವನು ಬಾಗಿಲು ಹಾಕಿದ.

ಗಡಿಯಾರದಣ್ಣ ಮತ್ತೆ ಬಡಿದ. "ಸ್ವಲ್ಪ ವ್ಯಾಯಾಮ ಮಾಡೋಣ ಬನ್ನಿ. ಮೈ ಹಗುರ ಆಗುತ್ತೆ."

"ನೀವೂ ಶುರು ಮಾಡಿದ್ರಾ ಅಣ್ಣ? ಕೆಳಗೊಬ್ರು ಸಾಲದೂಂತ?"

ಮೂರನೆಯ ಸಲ ಬಡಿದಾಗ ಒಳಗಿನಿಂದ ಉತ್ತರವಾಗಿ ಚಪ್ಪಲಿ ಬಂದು ಬಾಗಿಲಿಗೆ ಬಿತ್ತು. ನಿಜ ಹೇಳಿದರೆ ಒಂದು ವರ್ಷದ ನಿದ್ದೆ ಹೋಗುತ್ತದೆ, ಹೇಳದಿದ್ದರೆ ಬಸ್ಸು ನಿಲ್ಲುತ್ತದೆ. ಧೈರ್ಯ ತಂದುಕೊಳ್ಳಲು ಅವನು ಮೂರನೆಯ ಮಹಡಿಗೆ ಹತ್ತಿದ, ಬರಲಿಲ್ಲವೆಂದು ಇಳಿದ. ಮತ್ತೆ ಹತ್ತಿದ, ಮತ್ತೆ ಇಳಿದ. ಹೀಗೆ ಆರು ಸಲ. ಏಳನೆಯ ಸಲ ಇಳಿಯುವಾಗ ಕೆಳಗೆ ಸೈಕಲ್ಲು ಧಡಾರನೆ ಬಿದ್ದ ಸದ್ದು. ಕಂಡಕ್ಟರ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಎಲ್ರೀ ಈ ಮಹಾರಾಯ? ಎಂಟೂ ಹತ್ತಾಯ್ತು. ಬಸ್ಸು ತುಂಬಾ ಜನ ನನ್ನ ಮುಖ ನೋಡ್ತಾ ಕೂತಿದ್ದಾರೆ."

ಗದ್ದಲಕ್ಕೆ ಡ್ರೈವರ್ ಹೊರಬಂದ, ಮೇಷ್ಟ್ರು ಮೇಲೆ ಬಂದರು, ಹೆಂಡತಿ ಮತ್ತು ಅತ್ತೆ ಕೆಳಗೆ ಬಂದರು.

"ಎಂಟೂ ಹತ್ತಾ? ಈಗ ಆರೂ ನಲವತ್ತು," ಎಂದ ಡ್ರೈವರ್.

"ನಮ್ಮನೇಲೂ ಆರೂ ನಲವತ್ತು," ಎಂದಳು ಹೆಂಡತಿ.

"ನನ್ನದರಲ್ಲೂ ಅಷ್ಟೇ," ಎಂದರು ಮೇಷ್ಟ್ರು. "ಎಲ್ಲಿ, ನಿನ್ನ ವಾಚು ತೋರಿಸಯ್ಯಾ. ಯಾರು ರಿಪೇರಿ ಮಾಡಿದ್ದು?"

"ಈ ಅಣ್ಣನೇ," ಎಂದ ಕಂಡಕ್ಟರ್.

"ಹಾಗಾದರೆ ನೀನು ಸರಿಯಾಗಿ ಕೀಲಿ ಕೊಟ್ಟಿಲ್ಲ."

ಕಂಡಕ್ಟರ್ ತನ್ನ ವಾಚನ್ನು ಕಿವಿಗಿಟ್ಟುಕೊಂಡ, ಅಲುಗಿಸಿದ. ಇಡೀ ಕಟ್ಟಡವೇ ಒಂದು ಮಾತು ಹೇಳುವಾಗ ತಾನೊಬ್ಬ ಏನು ಮಾಡಿಯಾನು? "ಹಾಗಾದ್ರೆ ಬಸ್ಸಲ್ಲಿರೋ ಜನಾನೂ ಒಂದೂವರೆ ಗಂಟೆ ಮೊದಲೇ ಬಂದು ಕೂತಿದ್ದಾರಾ?" ಎಂದು ಮೆಲ್ಲಗೆ ಕೇಳಿದ. ತನ್ನ ವಾಚನ್ನು ಆರೂ ನಲವತ್ತಕ್ಕೆ ತಿರುಗಿಸಲು ಕೀಲಿಗೆ ಕೈ ಹಾಕಿದ.

ಗಡಿಯಾರದಣ್ಣನಿಗೆ ಅದನ್ನು ಸಹಿಸಲಾಗಲಿಲ್ಲ. ಆ ವಾಚಿಗೆ ಅವನು ಎರಡು ದಿನ ಕೂತು ಕೂದಲೆಳೆಯಂಥ ಸ್ಪ್ರಿಂಗು ಕೂಡಿಸಿದ್ದ. ಊರಿನಲ್ಲಿ ಅಷ್ಟು ಸರಿಯಾಗಿ ಓಡುವ ವಾಚು ಇನ್ನೊಂದಿರಲಿಲ್ಲ.

"ಮುಟ್ಟಬೇಡಿ," ಎಂದ. "ಅದೇ ಸರಿ. ಉಳಿದದ್ದೆಲ್ಲ ಸುಳ್ಳು. ನಾನು ಎದ್ದಾಗಲೇ ಆರೂ ನಲವತ್ತಾಗಿತ್ತು."

ಎಲ್ಲವನ್ನೂ ಹೇಳಿದ. ಸ್ಟೂಲು, ಕಂಬಳಿ, ಎಪ್ಪತ್ತೆರಡು ಗಂಟೆ. ಹೇಳಿ ಮುಗಿಸುವಾಗ ಡ್ರೈವರ್ ಅಂಗಿ ಸಿಕ್ಕಿಸಿಕೊಳ್ಳುತ್ತಿದ್ದ, ಅತ್ತೆ ಹೊಟ್ಟೆ ಹಿಡಿದುಕೊಂಡು "ನಾನು ಹೇಳಿದ್ನಲ್ಲ," ಎನ್ನುತ್ತಿದ್ದರು. ಹೆಂಡತಿ ಮಾತ್ರ ಮೆಟ್ಟಿಲ ಮೇಲೆ ಕೂತು ಹಣೆಗೆ ಕೈ ಹಚ್ಚಿದಳು.

"ಅಯ್ಯೋ ನಿಮ್ಮ. ರಾತ್ರಿ ನೀವು ಎಂಟಕ್ಕೇ ಮಲಗಿಬಿಟ್ರಲ್ಲ, ಆಮೇಲೆ ಮೇಷ್ಟ್ರು ಬಂದಿದ್ರು ಕಣ್ರೀ. ಭಾನುವಾರ ನಮ್ಮ ತಂಡಕ್ಕೇ ರಜ, ಇವನಿಗೊಬ್ಬನಿಗೆ ಯಾಕೆ ಶಿಕ್ಷೆ, ಆರು ದಿನಕ್ಕೇ ಪಾಸು ಅಂತ ಹೇಳಿ ಹೋದ್ರು. ಪಾಪ, ಇವತ್ತಾದ್ರೂ ಹಾಯಾಗಿ ಮಲಗಲಿ ಅಂತ ನಾನು ಎಬ್ಬಿಸಿ ಹೇಳದೆ ಬಿಟ್ಟಿದ್ದು. ಹೇಳೋಕೆ ಬಾಯಿ ತೆಗೆದ್ರೆ ನೀವು ಓಡಿಹೋದ್ರಿ."

"ನಾನೂ ಕಿಟಕೀಲಿ ಅದನ್ನೇ ಹೇಳೋಕೆ ಹೊರಟಿದ್ದು," ಎಂದರು ಮೇಷ್ಟ್ರು.

ಗಡಿಯಾರದಣ್ಣ ಗೋಡೆ ಹಿಡಿದುಕೊಂಡ. ಎದ್ದಾಗ ಸುಮ್ಮನೆ ಮಗ್ಗುಲು ಬದಲಿಸಿ ಮಲಗಿದ್ದರೆ ಸಾಕಿತ್ತು.

"ಹಾಗಾದ್ರೆ ನಾನು ಗೆದ್ದೆ ತಾನೇ?" ಎಂದು ಕ್ಷೀಣವಾಗಿ ಕೇಳಿದ.

"ಆರು ದಿನಕ್ಕೆ ಗೆದ್ದೆ. ಏಳನೇ ದಿನ ಎಂಟು ಗಡಿಯಾರಕ್ಕೆ ಸುಳ್ಳು ಕಲಿಸಿ ಸೋತೆ," ಎಂದರು ಮೇಷ್ಟ್ರು. "ನಾಳೆ ಐದಕ್ಕೆ ಮೈದಾನ. ಒಂದು ವರ್ಷ. ಅಂದ ಹಾಗೆ, ನನ್ನ ಗಡಿಯಾರದ ಮೇಲೆ ನನಗಿನ್ನು ನಂಬಿಕೆ ಇಲ್ಲ. ನಾಲ್ಕೂವರೆಗೆ ನೀನೇ ಬಂದು ನನ್ನ ಬಾಗಿಲು ತಟ್ಟಬೇಕು."

"ನನ್ನದು ನಾಲ್ಕಕ್ಕೆ ತಟ್ಟಿ ಅಣ್ಣ," ಎಂದ ಡ್ರೈವರ್, ಮೆಟ್ಟಿಲು ಇಳಿಯುತ್ತ. "ವಾರದ ದಿನ ನಮ್ಮದು ಮೊದಲ ಬಸ್ಸು. ನಾನೂ ಇನ್ನು ಗೋಡೆ ನೋಡಿ ಏಳೋನಲ್ಲ."

ಕಂಡಕ್ಟರ್ ಸೈಕಲ್ಲು ಎತ್ತಿ ನಿಲ್ಲಿಸಿ, ಮೇಲಕ್ಕೆ ಮುಖ ಮಾಡಿ ಕೂಗಿದ: "ಹಾಗಿದ್ರೆ ನನಗೆ ಮೂರೂವರೆಗೆ ಅಣ್ಣ. ನಮ್ಮನೆ ಊರಾಚೆ, ಎರಡೂವರೆ ಕಿಲೋಮೀಟರು. ನಡ್ಕೊಂಡೇ ಬನ್ನಿ."