ಮಾವನ ನಸುಗುನ್ನಿ ಬೇಸಾಯ

ಕಳೆ ಕೀಳುವುದನ್ನು ತಪ್ಪಿಸಲು ನನ್ನ ಸೋದರಮಾವ ಪಟ್ಟಷ್ಟು ಕಷ್ಟವನ್ನು ಕಳೆ ಕಿತ್ತವರು ಯಾರೂ ಪಟ್ಟಿರಲಾರರು!

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಾದಾಪುರದ ಹತ್ತಿರ ಮಾವನಿಗೆ ಎರಡೆಕರೆ ಎಳೆಯ ಕಾಫಿ ತೋಟವಿತ್ತು. ಮಳೆ ಹಿಡಿದರೆ ಗಿಡಕ್ಕಿಂತ ಕಳೆಯೇ ಎತ್ತರ. ಕೀಳುವವರು ಅತ್ತೆ. ಅವರಿಗೋ ಸೊಂಟನೋವು, ಬಗ್ಗಿದರೆ ಏಳಲಾಗದು, ಬಗ್ಗದಿದ್ದರೆ ಕಾಫಿ ಉಳಿಯದು. ಆಗ ಕೃಷಿ ಇಲಾಖೆಯವರೊಬ್ಬರು ಬಂದು, "ವೆಲ್ವೆಟ್ ಬೀನ್ಸ್ ಬಿತ್ತಿ. ಬಳ್ಳಿ ನೆಲ ಮುಚ್ಚುತ್ತದೆ, ಅದರ ಬೇರು, ಎಲೆಗಳ ರಸ ಕಳೆಯನ್ನು ಮೇಲೇಳಲು ಬಿಡುವುದಿಲ್ಲ. ಇಲಾಖೆಯಿಂದ ಬೀಜ ಬರುವುದು ಮಾತ್ರ ತಡ," ಎಂದರು. ಕಾಯುವ ಜೀವವೇ ನಮ್ಮ ಮಾವ? ಮರುದಿನವೇ ಕಾಡಿಗೆ ಹೋಗಿ ಒಂದು ಚೀಲ ಬೀಜ ತಂದರು.

"ಮಾವ, ಇದು ನಸುಗುನ್ನಿ! ಇದರ ಕಾಯಿ ಮುಟ್ಟಿದರೆ ಮೈಯೆಲ್ಲ ತುರಿಸ್ತದಲ್ಲ?" ಎಂದೆ.

"ಎರಡೂ ಒಂದೇ ಜಾತಿ ಮಾರಾಯ. ಊರಿಂದು ಸಾಧು, ಕಾಡಿಂದು ಸ್ವಲ್ಪ ಜೋರು. ಕಳೆ ಕೊಲ್ಲಲಿಕ್ಕೆ ಸಾಧು ಎಂಥಕ್ಕೆ?"

ಹಾಗೆಂದವರೇ ತೋಟದ ತುಂಬ ಬಿತ್ತಿಯೇಬಿಟ್ಟರು!

ಬಳ್ಳಿ ನೆಲ ಕಾಣದಷ್ಟು ಹಬ್ಬಿತು. ನಿಜಕ್ಕೂ ಕಳೆ ಮಾಯ! ಮಾವ ದಾರಿಹೋಕರನ್ನೆಲ್ಲ ಎಳೆದು ತಂದು, "ಹುಡುಕಿ, ಒಂದೇ ಒಂದು ಹುಲ್ಲು ಸಿಕ್ಕಿದರೆ ಕಾಫಿ ಕೊಡ್ತೇನೆ," ಎನ್ನುವರು. ಹುಲ್ಲು ಸಿಗಲಿಲ್ಲ, ಹಾಗಾಗಿ ಯಾರಿಗೂ ಕಾಫಿಯೂ ಸಿಗಲಿಲ್ಲ. ಅಷ್ಟರಲ್ಲಿ ಬಳ್ಳಿ ಕಾಫಿ ಗಿಡಗಳ ಮೇಲೂ ಹತ್ತಿತು. ರಜೆ ಸಿಕ್ಕಿದಾಗಲೆಲ್ಲ ಅಲ್ಲಿಗೇ ಬರುತ್ತಿದ್ದ ನಾನು ದಸರಾ ರಜೆಯಿಡೀ ಬಳ್ಳಿ ಬಿಡಿಸಿದೆ.

ಕಾಫಿ ಹಣ್ಣಾಯಿತು, ನಸುಗುನ್ನಿಯೂ ಬಲಿಯಿತು. ಪಿಕಿಂಗಿಗೆ ಬಂದ ಆಳುಗಳು ಅರ್ಧ ಗಂಟೆಯಲ್ಲಿ ಕೆರೆದುಕೊಳ್ಳುತ್ತಾ ತೋಡಿನ ನೀರಿಗೆ ಓಡಿದರು. ಕಾಯಿ ತೆಗೆಯುವವರೆಗೆ ತೋಟಕ್ಕೆ ಕಾಲಿಡುವುದಿಲ್ಲವೆಂದರು. "ನಾನೇ ತೆಗೀತೇನೆ," ಎಂದು ಅತ್ತೆ ಸೆರಗು ಕಟ್ಟಿದರು. ಮಾವ ಕಂಬಳಿ ಹೊದ್ದು, ಗೋಣಿ ಹಿಡಿದು ಒಬ್ಬರೇ ಹೊರಟರು. ಸಂಜೆ ಬಂದಾಗ ಮುಖ ಊದಿ, ಕಣ್ಣು ಮುಚ್ಚಿಹೋಗಿತ್ತು.

ತುರಿಕೆಗೆ ಸಗಣಿಯೇ ಮದ್ದು. ಅಂಗಳದಲ್ಲಿ ಕೂರಿಸಿ ಅತ್ತೆ ಬಳಿಯತೊಡಗಿದರು. "ಬುದ್ಧಿ ಉಂಟಾ ನಿಮಗೆ? ಊರೆಲ್ಲ ನಗ್ತದೆ!"

"ನಗಲಿ. ಈ ಮಳೆಗಾಲದಲ್ಲಿ ನಿನ್ನ ಸೊಂಟ ನೋವಾಯ್ತಾ?"

ಅತ್ತೆಯ ಕೈ ನಿಂತಿತು. "ಇಲ್ಲ."

"ಮತ್ತೆ? ಬೆನ್ನಿಗೂ ಸ್ವಲ್ಪ ಹಚ್ಚು."

ನಗಲು ಬಾಯಿ ತೆರೆದಿದ್ದ ನಾನು ಸಗಣಿಯ ಬುಟ್ಟಿಯನ್ನು ಅತ್ತೆಯ ಹತ್ತಿರಕ್ಕೆ ಸರಿಸಿದೆ. ಅತ್ತೆ ಆಮೇಲೆ ಬೈಯಲಿಲ್ಲ. ಮಗುವಿಗೆ ಎಣ್ಣೆ ಹಚ್ಚುವಷ್ಟು ಮೆಲ್ಲಗೆ, ಮಾವನ ಬೆನ್ನ ತುಂಬ ಸಗಣಿ ಹಚ್ಚಿದರು.